ಕಾನೂನು ಓದುವವರ ನೋಟ್ಸ್: ಕಿರ್ದಿ ಬೇರೆ, ಖಾತೆ ಬೇರೆ

ಮೇಲುಕೋಟೆ, ಜಕ್ಕನಹಳ್ಳಿ, ಚಿನಕುರಳಿ ಕಡೆಯಿಂದ ಬೆಳಗಿನ ಬಸ್ಸು ಹತ್ತಿ ಕಾನೂನು ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಈಗ ಅಪರೂಪವೇನಲ್ಲ. ಕೆಲವರು ಮಂಡ್ಯದ ಪಿಇಎಸ್ ಕಾನೂನು ಕಾಲೇಜಿಗೆ, ಕೆಲವರು ಮೈಸೂರಿನ ವಿದ್ಯಾವರ್ಧಕ, ಶಾರದಾ ವಿಲಾಸ ಕಾಲೇಜುಗಳಿಗೆ. ಪಿಯುಸಿ ಮುಗಿಸಿದವರಿಗೆ ಐದು ವರ್ಷ, ಪದವಿ ಮುಗಿಸಿದವರಿಗೆ ಮೂರು ವರ್ಷ. ಕೆ.ಆರ್.ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣದ ಕಡೆಯೂ ಇದೇ ಕಥೆ. ಮನೆಯಲ್ಲಿ ಯಾರೂ ಕರಿ ಕೋಟು ಹಾಕಿದವರಲ್ಲ, ಅಪ್ಪನದು ದಿನಸಿ ಅಂಗಡಿಯೋ ಎರಡು ಎಕರೆ ಕಬ್ಬೋ ಇರುತ್ತದೆ. ಸಂಜೆ ಬಂದ ಮೇಲೆ ಮಗ ಅಂಗಡಿಯಲ್ಲಿ ತಕ್ಕಡಿ ಹಿಡಿಯಲೇಬೇಕು. ವೈರಮುಡಿ ಬಂದರಂತೂ ಒಂದು ವಾರ ಪುಸ್ತಕ ತೆರೆಯಲು ಪುರುಸೊತ್ತಿಲ್ಲ.

ಇವರಲ್ಲಿ ಬಹಳ ಜನ ಎಡವುವುದು ಮೊದಲ ಎರಡು ಸೆಮಿಸ್ಟರ್‌ನಲ್ಲೇ. ಬುದ್ಧಿ ಕಮ್ಮಿ ಅಂತಲ್ಲ. ಪಿಯುಸಿಯಲ್ಲಿ ಓದಿದ ರೀತಿಯಲ್ಲೇ ಇಲ್ಲೂ ಓದುತ್ತಾರೆ, ಅದೇ ತೊಂದರೆ. ಗೈಡ್ ತರುವುದು, ಸೀನಿಯರ್ ನೋಟ್ಸ್ ಜೆರಾಕ್ಸ್ ಮಾಡಿಸುವುದು, ಹಳದಿ ಪೆನ್ನಿನಲ್ಲಿ ಗೆರೆ ಎಳೆಯುವುದು, ಪರೀಕ್ಷೆಗೆ ಹತ್ತು ದಿನ ಇರುವಾಗ ಉರು ಹೊಡೆಯುವುದು. ಬಾಕಿ ಪೇಪರ್‌ಗಳು ಒಂದರ ಮೇಲೊಂದು ಕೂರುತ್ತವೆ. ಮೂರು ವರ್ಷದ ಓದು ನಾಲ್ಕೂವರೆ ಆಗುತ್ತದೆ, ಫೀಸು ಕಟ್ಟುವವರ ಮುಖ ಸಣ್ಣಗಾಗುತ್ತದೆ. ಹಾಗಾಗಿ ನೋಟ್ಸ್ ಬರೆಯುವುದು, ಓದಿದ್ದನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದೆ. ಮಕ್ಕಳಿಗೆ ಫೀಸು ಕಟ್ಟುವ ಅಂಗಡಿಯವರು ಓದಿದರೂ ನಷ್ಟವಿಲ್ಲ, ನಡುವೆ ಚೆಕ್ ಬೌನ್ಸ್ ವಿಚಾರವೂ ಬರುತ್ತದೆ.

ಅಂಗಡಿಯ ಲೆಕ್ಕವೇ ಮಾದರಿ

ಹಳೇ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದವು. ಒಂದು ಕಿರ್ದಿ, ಇನ್ನೊಂದು ಖಾತೆ. ಕಿರ್ದಿಯಲ್ಲಿ ಆಯಾ ದಿನ ನಡೆದದ್ದು ನಡೆದ ಹಾಗೆ ಬೀಳುತ್ತದೆ. ಯಾರು ಬಂದರು, ಏನು ಒಯ್ದರು, ಎಷ್ಟು ಕೊಟ್ಟರು. ಖಾತೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ರಾತ್ರಿ ಕೂತು ಕಿರ್ದಿಯಿಂದ ಖಾತೆಗೆ ಏರಿಸಿದರೆ ಮಾತ್ರ ಯಾರ ಬಾಕಿ ಎಷ್ಟು ಅಂತ ಗೊತ್ತಾಗೋದು. ಬರೀ ಕಿರ್ದಿ ಇಟ್ಟುಕೊಂಡವನು ಗಿರಾಕಿ ಎದುರು ಬಂದು ನಿಂತಾಗ ಹಾಳೆ ಮಗುಚುತ್ತಾ ಕೂರಬೇಕಾಗುತ್ತದೆ.

ಕಾನೂನು ವಿದ್ಯಾರ್ಥಿಯ ಕ್ಲಾಸ್ ನೋಟ್ಸ್ ಅಂದರೆ ಕಿರ್ದಿ. ಮೇಷ್ಟ್ರು ಹೇಳಿದ ಕ್ರಮದಲ್ಲಿ, ಅರ್ಧಂಬರ್ಧ, ಬಾಣದ ಗುರುತು, ಪ್ರಶ್ನಾರ್ಥಕ ಚಿಹ್ನೆ ಎಲ್ಲ ಇರಲಿ. ಅದನ್ನು ನೀಟಾಗಿ ಎರಡನೇ ಸಲ ನಕಲು ಮಾಡುವುದು ದಂಡ. ಕೈ ನೋಯುತ್ತದೆ, ತಲೆಗೆ ಏನೂ ಹೋಗಲ್ಲ. ಅದರ ಬದಲು ಬಿಡಿ ಹಾಳೆಯ ಒಂದು ಫೈಲಿನಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಹಾಳೆ ತೆರೆಯಿರಿ, ಅದೇ ಖಾತೆ. ಕರಾರು ಕಾನೂನಿನಲ್ಲಿ ‘ಅಪ್ರಾಪ್ತ ವಯಸ್ಕ’ ಅಂತ ಒಂದು ಹಾಳೆ, ‘ಪ್ರತಿಫಲ’ ಅಂತ ಒಂದು, ‘ನಷ್ಟ ಪರಿಹಾರ’ ಅಂತ ಒಂದು. ಆ ದಿನ ಕ್ಲಾಸಿನಲ್ಲಿ ಕೇಳಿದ್ದರಲ್ಲಿ ಯಾವುದು ಯಾವ ಹಾಳೆಗೆ ಸೇರುತ್ತದೆ ಅಂತ ಯೋಚಿಸಿ ಏರಿಸಬೇಕು. ಆ ಯೋಚನೆಯೇ ಓದು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಎಂಬ ಅಧ್ಯಾಪಕರು ಜನಪ್ರಿಯಗೊಳಿಸಿದ ಒಂದು ಪುಟ ವಿನ್ಯಾಸವಿದೆ. ಎಡಗಡೆ ಮೂರು ಬೆರಳಗಲ ಜಾಗ ಬಿಟ್ಟು ಬಲಗಡೆ ನೋಟ್ಸ್ ಬರೆಯುವುದು, ಆಮೇಲೆ ಎಡಗಡೆ ಪ್ರಶ್ನೆ ಬರೆಯುವುದು, ಕೆಳಗಡೆ ಎರಡು ಸಾಲಿನ ಸಾರ. ಕಾನೂನಿಗೆ ಇದು ಚೆನ್ನಾಗಿ ಹೊಂದುತ್ತದೆ. ಎಡಗಡೆ ‘ಅಪ್ರಾಪ್ತ ವಯಸ್ಕನಿಗೆ ಸಾಲ ಕೊಟ್ಟರೆ ವಾಪಸು ಕೇಳಬಹುದೇ?’ ಅಂತ ಇರಲಿ. ಬಲಗಡೆ 1872ರ ಕರಾರು ಕಾಯ್ದೆಯ 11ನೇ ಸೆಕ್ಷನ್, ಮೊಹೊರಿ ಬೀಬಿ ವಿರುದ್ಧ ಧರ್ಮೊದಾಸ್ ಘೋಷ್ ಪ್ರಕರಣ, 1903, ಅಪ್ರಾಪ್ತ ವಯಸ್ಕರ ಕರಾರು ಮೊದಲಿನಿಂದಲೇ ಅನೂರ್ಜಿತ. ಬಲಗಡೆಯನ್ನು ಕೈಯಲ್ಲಿ ಮುಚ್ಚಿ ಎಡಗಡೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿದರೆ ಬಸ್ಸಿನಲ್ಲೇ ಒಂದು ಪುಟ ಮುಗಿಯುತ್ತದೆ.

ಸೆಕ್ಷನ್ ಅನ್ನು ಬಿಚ್ಚಿ ನೋಡಿ

ಬೇರ್ ಆಕ್ಟ್ ಅಂದರೆ ಕಾಯ್ದೆಯ ಮೂಲ ಪಾಠ. ಗೈಡ್ ಓದುವವರು ಇದನ್ನು ಮುಟ್ಟುವುದೇ ಇಲ್ಲ, ಭಾಷೆ ಗಟ್ಟಿ ಅಂತ. ಆದರೆ ಒಂದು ಸೆಕ್ಷನ್ ಬಿಚ್ಚುವುದು ಹಳೇ ಬೀಗ ಬಿಚ್ಚಿದ ಹಾಗೆ, ಒಂದೊಂದೇ ಸ್ಕ್ರೂ ತೆಗೆಯಬೇಕು.

ಕಳವಿನ ಸೆಕ್ಷನ್ ತಗೊಳ್ಳಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 303. ಒಂದೇ ಉಸಿರಿನ ವಾಕ್ಯ. ಬಿಚ್ಚಿದರೆ ಐದು ತುಂಡು ಸಿಗುತ್ತವೆ: ಅಪ್ರಾಮಾಣಿಕ ಉದ್ದೇಶ ಇರಬೇಕು, ವಸ್ತು ಚರ ಸ್ವತ್ತಾಗಿರಬೇಕು, ಅದು ಇನ್ನೊಬ್ಬರ ಸ್ವಾಧೀನದಲ್ಲಿರಬೇಕು, ಅವರ ಒಪ್ಪಿಗೆ ಇರಬಾರದು, ವಸ್ತುವನ್ನು ಅಲ್ಲಿಂದ ಕದಲಿಸಿರಬೇಕು. ಐದರಲ್ಲಿ ಒಂದು ಇಲ್ಲದಿದ್ದರೂ ಕಳವು ಆಗಲ್ಲ.

ಇದನ್ನು ನಮ್ಮ ಊರಿನ ಪ್ರಶ್ನೆಗೆ ಹಚ್ಚಿ. ರಾತ್ರಿ ಒಬ್ಬ ಪಕ್ಕದವರ ಗದ್ದೆಗೆ ನುಗ್ಗಿ ನಿಂತಿದ್ದ ಕಬ್ಬು ಕಡಿದು ಗಾಡಿಗೆ ಹೇರಿಕೊಂಡು ಹೋದ. ಕಳವೇ? ‘ಹೌದು’ ಅಂತ ಯಾರು ಬೇಕಾದರೂ ಹೇಳುತ್ತಾರೆ. ಕಾನೂನು ವಿದ್ಯಾರ್ಥಿ ಮಾತ್ರ ಎರಡನೇ ತುಂಡಿನ ಹತ್ತಿರ ನಿಲ್ಲಬೇಕು. ಭೂಮಿಗೆ ಅಂಟಿಕೊಂಡಿರುವ ಕಬ್ಬು ಚರ ಸ್ವತ್ತಲ್ಲವಲ್ಲ? ಸೆಕ್ಷನ್ನಿನ ಕೆಳಗಿರುವ ವಿವರಣೆಗಳು ಇದಕ್ಕೆ ಉತ್ತರ ಕೊಡುತ್ತವೆ. ಭೂಮಿಯಿಂದ ಬೇರ್ಪಟ್ಟ ಕೂಡಲೇ ವಸ್ತು ಕಳವಿಗೆ ಒಳಪಡುತ್ತದೆ, ಬೇರ್ಪಡಿಸುವ ಕೆಲಸವೂ ಕದಲಿಸುವ ಕೆಲಸವೂ ಒಂದೇ ಆಗಿದ್ದರೂ ಸರಿಯೇ. ಹಾಗಾಗಿ ಕಳವೇ. ಉತ್ತರ ಅದೇ ಇರಬಹುದು, ಆದರೆ ಅಂಕ ಬರುವುದು ದಾರಿಗೆ. ಈ ಒಂದು ಕಬ್ಬಿನ ಉದಾಹರಣೆ ಹಾಳೆಯಲ್ಲಿ ಬರೆದುಕೊಂಡವರಿಗೆ ಆ ಸೆಕ್ಷನ್ ಮರೆಯುವುದಿಲ್ಲ. ಗೈಡಿನ ‘ಎ ಮತ್ತು ಬಿ’ ಉದಾಹರಣೆ ಮರೆತೇ ಹೋಗುತ್ತದೆ.

ಎರಡು ನಂಬರಿನ ಕಾಟ

2024ರ ಜುಲೈ 1ರಿಂದ ಮೂರು ಹೊಸ ಅಪರಾಧ ಕಾನೂನು ಜಾರಿಗೆ ಬಂದವು. ಐಪಿಸಿಯ 511 ಸೆಕ್ಷನ್ ಹೋಗಿ ನ್ಯಾಯ ಸಂಹಿತೆಯ 358 ಬಂತು. ಸಿಆರ್‌ಪಿಸಿ ಜಾಗಕ್ಕೆ 531 ಸೆಕ್ಷನ್ನಿನ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆ ಜಾಗಕ್ಕೆ 170 ಸೆಕ್ಷನ್ನಿನ ಸಾಕ್ಷ್ಯ ಅಧಿನಿಯಮ. ಅಂಗಡಿ ಕಟ್ಟೆಯಲ್ಲಿ ಕೂತವರಿಗೂ ಬಾಯಿಪಾಠವಾಗಿದ್ದ ‘420’ ಈಗ 318ರ ನಾಲ್ಕನೇ ಉಪಸೆಕ್ಷನ್. ‘302’ ಈಗ 103.

ಹಳೇದನ್ನು ಪೂರ್ತಿ ಮರೆತುಬಿಡೋಣ ಅಂದರೆ ಆಗಲ್ಲ. ಜುಲೈ 1ಕ್ಕೆ ಮುಂಚೆ ನಡೆದ ಕೃತ್ಯಕ್ಕೆ ಐಪಿಸಿಯೇ ಅನ್ವಯ. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಇನ್ನೂ ಎಷ್ಟೋ ವರ್ಷ ಎರಡೂ ಬಗೆಯ ಕೇಸು ಅಕ್ಕಪಕ್ಕದಲ್ಲೇ ನಡೆಯುತ್ತವೆ. ಹಳೇ ತೀರ್ಪುಗಳೆಲ್ಲ ಹಳೇ ನಂಬರಿನಲ್ಲೇ ಇವೆ.

ಇದರಲ್ಲಿ ನಿಜವಾದ ಗುಂಡಿ ಯಾವುದೆಂದರೆ ಅದೇ ನಂಬರು ಬೇರೆ ಅರ್ಥ ತಾಳಿರುವುದು. ಸಿಆರ್‌ಪಿಸಿಯ 144 ಅಂದರೆ ನಿಷೇಧಾಜ್ಞೆ. ಕಾವೇರಿ ಗಲಾಟೆ ಆದಾಗಲೆಲ್ಲ ಮಂಡ್ಯ ಜಿಲ್ಲೆಯವರು ಕೇಳಿಕೊಂಡೇ ಬೆಳೆದ ನಂಬರು. ಈಗ ನಿಷೇಧಾಜ್ಞೆ ಸುರಕ್ಷಾ ಸಂಹಿತೆಯ 163. ಅದೇ ಸಂಹಿತೆಯ 144 ಅಂದರೆ ಹೆಂಡತಿ, ಮಕ್ಕಳು, ತಂದೆ ತಾಯಿಯ ಜೀವನಾಂಶ, ಮುಂಚಿನ 125. ಹಾಗೇ ಸಿಆರ್‌ಪಿಸಿಯ 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಎಫ್‌ಐಆರ್ ರದ್ದು ಮಾಡಿ ಅಂತ ಕೇಳುವುದು. ಅದು ಈಗ 528. ಹೊಸ 482 ನಿರೀಕ್ಷಣಾ ಜಾಮೀನು, ಹಳೇ 438. ಐಪಿಸಿಯ 304 ಕೊಲೆಯಲ್ಲದ ಮಾನವ ಹತ್ಯೆಗೆ ಶಿಕ್ಷೆ ಹೇಳುತ್ತಿತ್ತು. ನ್ಯಾಯ ಸಂಹಿತೆಯ 304 ಅಂದರೆ ಸರಗಳ್ಳತನದಂಥ ಕಿತ್ತುಕೊಂಡು ಓಡುವ ಅಪರಾಧ.

ಇಂಥವಕ್ಕೆ ಪೂರ್ತಿ ಪಟ್ಟಿ ಬರೆಯುತ್ತಾ ಕೂರಬೇಡಿ, ಪಟ್ಟಿ ಎಲ್ಲಾ ಪುಸ್ತಕದ ಹಿಂದೆಯೂ ಇರುತ್ತದೆ. ದಾರಿ ತಪ್ಪಿಸುವ ಹದಿನೈದು ಇಪ್ಪತ್ತು ನಂಬರನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದು ಅಂಗಡಿಯ ಗಲ್ಲಾ ಪೆಟ್ಟಿಗೆ ಎದುರು ಅಂಟಿಸಿ. ಖಾತೆ ಹಾಳೆಯ ಮೇಲ್ತುದಿಯಲ್ಲಿ ಹೊಸ ನಂಬರು ನೀಲಿಯಲ್ಲಿ, ಹಳೇದು ಪೆನ್ಸಿಲ್‌ನಲ್ಲಿ. ನಂಬರಿನ ಜೊತೆ ಕಾಯ್ದೆಯ ಹೆಸರು ಬರೆಯದೆ ಬಿಡಲೇಬಾರದು. ಬರೀ ‘ಸೆಕ್ಷನ್ 482’ ಅಂತ ಬರೆದ ಉತ್ತರಕ್ಕೆ ಇವತ್ತು ಅರ್ಥವೇ ಇಲ್ಲ.

ತೀರ್ಪನ್ನು ಒಂದು ಪುಟಕ್ಕೆ ಇಳಿಸುವುದು

ಕಾನೂನು ಓದಿನಲ್ಲಿ ಅತಿ ಕಷ್ಟದ್ದು ತೀರ್ಪು ಓದುವುದು. 1870ರಲ್ಲಿ ಹಾರ್ವರ್ಡ್‌ನ ಲ್ಯಾಂಗ್‌ಡೆಲ್ ಎಂಬುವರು ಪಾಠಪುಸ್ತಕ ಬದಿಗಿಟ್ಟು ತೀರ್ಪುಗಳನ್ನೇ ಓದಿಸಿ ಪಾಠ ಮಾಡಲು ಶುರು ಮಾಡಿದರು. ಇವತ್ತು ಎಲ್ಲಾ ಕಡೆ ಅದೇ ಪದ್ಧತಿಯ ಛಾಯೆ ಇದೆ. ಸಂಗತಿ, ಪ್ರಶ್ನೆ, ಎರಡು ಕಡೆಯ ವಾದ, ತೀರ್ಮಾನ, ಕಾರಣ ಅಂತ ಸಾರ ತೆಗೆಯಬೇಕು ಎನ್ನುತ್ತಾರೆ.

ಮೇಲುಕೋಟೆಯವರಿಗೆ ಇದೇನು ಹೊರಗಿನ ವಿದ್ಯೆ ಅಲ್ಲ. ಇಲ್ಲಿನ ಪಾಠಶಾಲೆಯಲ್ಲಿ ಮೀಮಾಂಸೆ, ವೇದಾಂತ ಓದಿದವರನ್ನು ಕೇಳಿ, ‘ಅಧಿಕರಣ’ ಅಂದರೆ ಏನು ಅಂತ ಹೇಳುತ್ತಾರೆ. ಮೊದಲು ವಿಷಯ, ಆಮೇಲೆ ಸಂಶಯ, ಆಮೇಲೆ ಎದುರಾಳಿಯ ಪೂರ್ವಪಕ್ಷ, ಆಮೇಲೆ ಸಿದ್ಧಾಂತ, ಅದರ ಪ್ರಯೋಜನ. ರಾಮಾನುಜರ ಶ್ರೀಭಾಷ್ಯ ಈ ಕಟ್ಟಿನಲ್ಲೇ ನಡೆಯುತ್ತದೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಖಂಡಿಸುವುದು ಆ ಪರಂಪರೆಯ ಶಿಸ್ತು. ಕಾನೂನು ವಿದ್ಯಾರ್ಥಿಗಳು ತಮ್ಮ ನೋಟ್ಸಿನಲ್ಲಿ ಬಿಟ್ಟುಬಿಡುವುದು ಸಾಮಾನ್ಯವಾಗಿ ಈ ಪೂರ್ವಪಕ್ಷವನ್ನೇ. ಸೋತವರ ವಾದ ಬರೆದುಕೊಳ್ಳದಿದ್ದರೆ ಗೆದ್ದವರು ಯಾಕೆ ಗೆದ್ದರು ಅಂತ ಗೊತ್ತಾಗಲ್ಲ.

ಒಂದು ಕೇಸು ಮಾಡಿಯೇ ನೋಡೋಣ. ರಂಗಪ್ಪ ವಿರುದ್ಧ ಶ್ರೀ ಮೋಹನ್, ಸುಪ್ರೀಂ ಕೋರ್ಟ್, 2010. ನಮ್ಮ ರಾಜ್ಯದ್ದೇ ಕೇಸು, ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿಸಿದ ವಿಚಾರದಿಂದ ಹುಟ್ಟಿದ್ದು. ವಿಷಯ ಇಷ್ಟು: ಮನೆ ಕೆಲಸದ ಮೇಲ್ವಿಚಾರಣೆ ನೋಡಿಕೊಂಡಿದ್ದವರು, ಮಾಲೀಕರಿಗೆ 45,000 ರೂಪಾಯಿ ಕೈಸಾಲ ಕೊಟ್ಟಿದ್ದೆ, ಅದಕ್ಕೆ ಅವರು ಕೊಟ್ಟ ಚೆಕ್ಕು ವಾಪಸು ಬಂತು ಅಂತ ದೂರು ಕೊಟ್ಟರು. ಬ್ಯಾಂಕಿನ ಷರಾ, ಖಾತೆದಾರರೇ ಪಾವತಿ ತಡೆದಿದ್ದಾರೆ ಅಂತ. ಸಂಶಯ: ಚೆಕ್ಕಿನ ಮೇಲಿನ ಸಹಿ ಆರೋಪಿಯದೇ ಅಂದ ಮೇಲೆ, ಸಾಲ ಇತ್ತು ಅಂತಲೂ ನ್ಯಾಯಾಲಯ ಭಾವಿಸಿಕೊಳ್ಳಬೇಕೇ, ಇಲ್ಲಾ ಸಾಲ ಇತ್ತು ಅಂತ ದೂರುದಾರರೇ ಮೊದಲು ಸಾಬೀತು ಮಾಡಬೇಕೇ? ಪೂರ್ವಪಕ್ಷ: ಸಹಿ ಮಾಡಿದ ಖಾಲಿ ಚೆಕ್ಕು ಕಳೆದುಹೋಗಿತ್ತು, ಅದನ್ನು ದುರುಪಯೋಗ ಮಾಡಿದ್ದಾರೆ, ಸಾಲವೇ ಇರಲಿಲ್ಲ. ಜೊತೆಗೆ 2008ರ ಕೃಷ್ಣ ಜನಾರ್ದನ ಭಟ್ ತೀರ್ಪು ಆರೋಪಿಗೆ ಅನುಕೂಲವಾಗಿತ್ತು. ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿತ್ತು, ಹೈಕೋರ್ಟ್ ಅದನ್ನು ತಿರುಗಿಸಿ ದೋಷಿ ಎಂದಿತ್ತು. ಸಿದ್ಧಾಂತ: ಮೂವರು ನ್ಯಾಯಮೂರ್ತಿಗಳ ಪೀಠ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಸೆಕ್ಷನ್ನಿನ ಪೂರ್ವಭಾವನೆಯಲ್ಲಿ ಸಾಲ ಇದೆ ಎಂಬುದೂ ಸೇರುತ್ತದೆ. ಆದರೆ ಆರೋಪಿ ಅದನ್ನು ಅಲ್ಲಗಳೆಯಬಹುದು. ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ತನ್ನ ಮಾತು ಹೆಚ್ಚು ಸಂಭವನೀಯ ಅಂತ ತೋರಿಸಿದರೆ ಸಾಕು. ಈ ಕೇಸಿನಲ್ಲಿ ಆರೋಪಿ ನೋಟಿಸಿಗೆ ಉತ್ತರವನ್ನೇ ಕೊಟ್ಟಿರಲಿಲ್ಲ, ಅದು ಅವರಿಗೆ ಮುಳುವಾಯಿತು. ಪ್ರಯೋಜನ: ಇನ್ನು ಮುಂದೆ ಚೆಕ್ ಕೇಸಿನಲ್ಲಿ ಮೊದಲ ಹೆಜ್ಜೆ ಯಾರದು ಅಂತ ಗೊತ್ತಾಯಿತು.

ಇಷ್ಟೇ, ಒಂದು ಪುಟ. ಇದರ ಪಕ್ಕದಲ್ಲಿ 138ರ ಕಾಲಮಿತಿ ಬರೆಯಿರಿ. ಚೆಕ್ಕು ವಾಪಸು ಬಂದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಅದು ದಾಟಿದರೆ ಒಂದು ತಿಂಗಳೊಳಗೆ ದೂರು. ತಡಕ್ಕೆ ತಕ್ಕ ಕಾರಣ ತೋರಿಸಿದರೆ ದೂರಿನ ತಡವನ್ನು ನ್ಯಾಯಾಲಯ ಮನ್ನಿಸಬಹುದು, ಆದರೆ ನೋಟಿಸಿನ 30 ದಿನಕ್ಕೆ ಆ ರಿಯಾಯಿತಿ ಇಲ್ಲ. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಅಂಗಡಿಯವರು ಇದನ್ನು ಓದಿ ‘ಓಹೋ’ ಅನ್ನಬಹುದು. ಮಕ್ಕಳು ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಈ ಕೇಸು ಕಥೆ ಹೇಳಲಿ. ಅಪ್ಪ ‘ಹಂಗಾದ್ರೆ ಅವನು ಸಹಿ ಮಾಡ್ದೆ ಇದ್ದಿದ್ರೆ?’ ಅಂತ ಕೇಳಿದರೆ ಅದೇ ಒಳ್ಳೆಯ ಪರೀಕ್ಷೆ. ಉತ್ತರ ಬರಲಿಲ್ಲ ಅಂದರೆ ಎಲ್ಲಿ ಓದಿಲ್ಲ ಅಂತ ಗೊತ್ತಾಗುತ್ತದೆ.

ದೊಡ್ಡ ತೀರ್ಪಿನಲ್ಲಿ ಇನ್ನೊಂದು ಎಚ್ಚರ ಬೇಕು. ಕಾವೇರಿ ತೀರ್ಪನ್ನೇ ನೋಡಿ. 2018ರ ಫೆಬ್ರವರಿ 16ರದು, ನೂರಾರು ಪುಟ. ಮಂಡ್ಯ ಜಿಲ್ಲೆಯ ವಿದ್ಯಾರ್ಥಿಗೆ ಈ ವಿಚಾರದಲ್ಲಿ ಅಭಿಪ್ರಾಯಕ್ಕೇನೂ ಬರವಿಲ್ಲ. ಪರೀಕ್ಷೆಯಲ್ಲಿ ಅದನ್ನೇ ಎರಡು ಪುಟ ಬರೆದು ಬರುತ್ತಾರೆ. ತೀರ್ಪಿನಲ್ಲಿ ಇರುವುದು ಬೇರೆ. ನ್ಯಾಯಮಂಡಳಿ 2007ರಲ್ಲಿ ಕರ್ನಾಟಕಕ್ಕೆ 270 ಟಿಎಂಸಿ ಎಂದಿತ್ತು, ಸುಪ್ರೀಂ ಕೋರ್ಟ್ 14.75 ಸೇರಿಸಿ 284.75 ಮಾಡಿತು. ಸೇರಿಸಿದ್ದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ, 10 ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದಕ್ಕೆ. ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಅಂತರರಾಜ್ಯ ನದಿಯ ನೀರು ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ ಎಂಬುದು ತತ್ವ. ಹಾಳೆಯನ್ನು ಎರಡು ಭಾಗ ಮಾಡಿ, ಒಂದರಲ್ಲಿ ‘ನ್ಯಾಯಾಲಯ ಹೇಳಿದ್ದು’, ಇನ್ನೊಂದರಲ್ಲಿ ‘ನನಗನ್ನಿಸಿದ್ದು’. ಎರಡೂ ಬೇಕು, ಬೆರೆಯಬಾರದು.

ಕೇಸಿನ ಹೆಸರನ್ನು ಗೈಡಿನಿಂದಲೋ ಮೊಬೈಲಿನ ಉತ್ತರ ಹೇಳುವ ಆ್ಯಪ್‌ನಿಂದಲೋ ಎತ್ತಿಕೊಂಡು ಬರೆಯುವ ಮುಂಚೆ ಆ ತೀರ್ಪು ನಿಜವಾಗಿ ಇದೆಯೇ ನೋಡಿ. 2025ರಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖ ಇದ್ದದ್ದನ್ನು ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತ್ತು. ನ್ಯಾಯಾಲಯಕ್ಕೇ ಹೀಗಾದರೆ ನಮ್ಮ ಹುಡುಗರ ಗತಿ ಏನು. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ತಾಣದಲ್ಲಿ ತೀರ್ಪುಗಳು ಪುಕ್ಕಟೆ ಸಿಗುತ್ತವೆ, ಕೆಲವು ಕನ್ನಡ ಅನುವಾದದಲ್ಲೂ ಇವೆ. ಕೇಂದ್ರ ಕಾಯ್ದೆಗಳಿಗೆ ಇಂಡಿಯಾ ಕೋಡ್ ತಾಣ ಇದೆ. ದುಡ್ಡು ಕೊಟ್ಟು ಆ್ಯಪ್ ಕೊಳ್ಳುವ ಅಗತ್ಯ ಮೊದಲ ವರ್ಷಗಳಲ್ಲಿ ಇಲ್ಲ.

ಕನ್ನಡದಲ್ಲೋ ಇಂಗ್ಲಿಷಿನಲ್ಲೋ

ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾಯಿತು. ಅದರ ಪ್ರಶ್ನೆಪತ್ರಿಕೆಯ ತಲೆಯಲ್ಲೇ ಒಂದು ಸೂಚನೆ ಇರುತ್ತದೆ: ಉತ್ತರ ಪೂರ್ತಿ ಕನ್ನಡದಲ್ಲಿ ಅಥವಾ ಪೂರ್ತಿ ಇಂಗ್ಲಿಷಿನಲ್ಲಿ ಇರಬೇಕು. ಅರ್ಧ ಅದು ಅರ್ಧ ಇದು ನಡೆಯಲ್ಲ. ಇದನ್ನು ಮೊದಲ ತಿಂಗಳೇ ತೀರ್ಮಾನ ಮಾಡಿಕೊಳ್ಳಿ, ಪರೀಕ್ಷೆ ಹಾಲಿನಲ್ಲಿ ಅಲ್ಲ.

ಕನ್ನಡ ಮಾಧ್ಯಮದಿಂದ ಬಂದವರು ಕನ್ನಡದಲ್ಲೇ ಬರೆಯುವುದು ನಾಚಿಕೆಯ ವಿಚಾರ ಅಲ್ಲ. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಕನ್ನಡ ಧಾರಾಳವಾಗಿ ನಡೆಯುತ್ತದೆ, ಕಕ್ಷಿದಾರರ ಜೊತೆ ಮಾತಂತೂ ಕನ್ನಡವೇ. ಆದರೆ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷು, ಸಂವಿಧಾನದ 348ನೇ ವಿಧಿ. ಹಾಗಾಗಿ ಬರೆಯುವುದು ಯಾವುದರಲ್ಲೇ ಇರಲಿ, ಓದುವ ಇಂಗ್ಲಿಷ್ ಬೇಕೇ ಬೇಕು. ಇದಕ್ಕೆ ಒಂದು ಉಪಾಯ ಪದಗಳ ಜೋಡಿ ಪುಸ್ತಕ. ಉದ್ದದ ಪುಟ್ಟ ನೋಟ್‌ಬುಕ್, ಒಂದು ಕಡೆ ಇಂಗ್ಲಿಷ್ ಪದ, ಎದುರಿಗೆ ಕನ್ನಡ: ತಡೆಯಾಜ್ಞೆ, ಜೀವನಾಂಶ, ಪೂರ್ವಭಾವನೆ, ಅಮಲ್ಜಾರಿ, ಕಾಲಮಿತಿ, ಅನೂರ್ಜಿತ. ದಿನಕ್ಕೆ ಐದು ಪದ ಸಾಕು. ಪದಕ್ಕೆ ಪದ ಇಡುವುದಷ್ಟೇ ಅಲ್ಲ, ಒಂದು ವಾಕ್ಯ ಬರೆಯಿರಿ. ‘ದಾಯಾದಿ ಜಮೀನು ಮಾರದ ಹಾಗೆ ತಡೆಯಾಜ್ಞೆ ತಂದರು’ ಅಂತ ಬರೆದರೆ ಪದ ಜಾಗ ಹಿಡಿದು ಕೂರುತ್ತದೆ. ವಿಭಾಗದ ದಾವೆ, ಪಹಣಿ, ಪೋಡಿ ಇಂಥ ಪದಗಳು ಹಳ್ಳಿ ಮಕ್ಕಳಿಗೆ ಬೆಂಗಳೂರಿನವರಿಗಿಂತ ಮೊದಲೇ ಗೊತ್ತು, ಅದು ನಿಮ್ಮ ಬಂಡವಾಳ.

ಮುಚ್ಚಿದ ಪುಸ್ತಕದ ಓದು

ಓದಿದ್ದನ್ನೇ ಮತ್ತೆ ಮತ್ತೆ ಓದಿದರೆ ‘ಗೊತ್ತಿದೆ’ ಅನ್ನಿಸುತ್ತದೆ. ಅನ್ನಿಸುತ್ತದೆ ಅಷ್ಟೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಪರೀಕ್ಷಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪುಸ್ತಕ ಮುಚ್ಚಿ ಬರೆದವರಿಗೆ ಹೆಚ್ಚು ನೆನಪಿತ್ತು. ಪರೀಕ್ಷೆ ಇರುವುದು ಐದು ನಿಮಿಷದ ನಂತರ ಅಲ್ಲವಲ್ಲ. 2013ರಲ್ಲಿ ಡನ್‌ಲೋಸ್ಕಿ ಮತ್ತು ಸಂಗಡಿಗರು ಹತ್ತು ಬಗೆಯ ಓದುವ ವಿಧಾನಗಳನ್ನು ತೂಗಿ ನೋಡಿದಾಗ, ಗೆರೆ ಎಳೆಯುವುದು ಕಡಿಮೆ ಪ್ರಯೋಜನದ ಸಾಲಿಗೆ ಬಿತ್ತು. ಹಳದಿ ಪೆನ್ನಿನ ದುಡ್ಡು ಉಳಿಯಿತು ಅಂದುಕೊಳ್ಳಿ.

ಬಸ್ಸಿನಲ್ಲಿ ಹೋಗಿ ಬರುವವರಿಗೆ ಇದು ವರವೇ. ಕುಲುಕಾಡುವ ಬಸ್ಸಿನಲ್ಲಿ ಪುಸ್ತಕ ಓದಿದರೆ ತಲೆ ಸುತ್ತುತ್ತದೆ. ಬದಲಿಗೆ ಹೋಗುವಾಗ ನಿನ್ನೆಯ ಕ್ಲಾಸು ನೆನಪು ಮಾಡಿಕೊಳ್ಳಿ, ಬರುವಾಗ ಇವತ್ತಿನದು. ಪ್ರಶ್ನೆಗಳನ್ನು ಸಣ್ಣ ರಟ್ಟಿನ ಚೂರುಗಳ ಮೇಲೆ ಬರೆದು ಜೇಬಿನಲ್ಲಿಡಿ, ಮದುವೆ ಕಾರ್ಡು ಕತ್ತರಿಸಿದರೆ ಚೆನ್ನಾಗಿ ಬರುತ್ತದೆ. ಉತ್ತರ ಬಂದ ಚೂರು ಎಡ ಜೇಬಿಗೆ, ಬಾರದ್ದು ಬಲ ಜೇಬಿಗೆ. ಎಡದ್ದು ವಾರಕ್ಕೊಮ್ಮೆ, ಬಲದ್ದು ನಾಳೆಯೇ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾಲ್ಕು ಚೂರು ಮುಗಿಯುತ್ತವೆ. ವೈರಮುಡಿ ವಾರದಲ್ಲಿ ಹೊಸ ಪಾಠ ಬೇಡ, ಬರೀ ಚೂರು.

ಇನ್ನೊಂದು ಪುಕ್ಕಟೆ ಪಾಠ ಇದೆ. ನ್ಯಾಯಾಲಯದ ಕಲಾಪ ಸಾಮಾನ್ಯವಾಗಿ ಸಾರ್ವಜನಿಕರಿಗೆ ಮುಕ್ತ. ಪಾಂಡವಪುರದಲ್ಲೋ ಶ್ರೀರಂಗಪಟ್ಟಣದಲ್ಲೋ ಕಾಲೇಜಿಗೆ ರಜೆ ಇದ್ದು ಕೋರ್ಟು ನಡೆಯುವ ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಫೋನು ಆಫ್ ಮಾಡಿ. ಪಾಟಿ ಸವಾಲು ಅಂದರೆ ಏನು ಅಂತ ಸಾಕ್ಷ್ಯ ಅಧಿನಿಯಮದ ನಾಲ್ಕು ಪುಟ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಸಂಜೆ ಬಂದು ಅವತ್ತು ನೋಡಿದ ಒಂದೇ ಒಂದು ಸಂಗತಿಯನ್ನು ಖಾತೆಯ ಸರಿಯಾದ ಹಾಳೆಗೆ ಏರಿಸಿ. ಕಕ್ಷಿದಾರರ ಹೆಸರು ಬರೆಯಬೇಡಿ, ಸಂಗತಿ ಸಾಕು.

ಮೂರು ಗಂಟೆಯ ಲೆಕ್ಕ

ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯಲ್ಲಿ ಐದು ಘಟಕ. ಪ್ರತಿ ಘಟಕದಿಂದ ಒಂದು ಪ್ರಬಂಧ ಮಾದರಿ ಉತ್ತರ, ಒಂದು ಲಘು ಟಿಪ್ಪಣಿ ಅಥವಾ ಸಮಸ್ಯೆ. ಯಾವ ಘಟಕವನ್ನೂ ಬಿಡುವ ಹಾಗಿಲ್ಲ. ‘ಮೂರು ಘಟಕ ಚೆನ್ನಾಗಿ ಓದಿದ್ರೆ ಸಾಕು’ ಅನ್ನುವ ಸೀನಿಯರ್ ಮಾತು ನಂಬಿ ಕೆಟ್ಟವರು ಬಹಳ. ಮೂರು ಗಂಟೆ ಅಂದರೆ 180 ನಿಮಿಷ. ಘಟಕಕ್ಕೆ 35 ನಿಮಿಷ, ಉಳಿದ ಐದು ನಿಮಿಷ ನಂಬರು ಸರಿ ಇದೆಯಾ ನೋಡಲು. ಮೊದಲ ಪ್ರಬಂಧಕ್ಕೇ ಒಂದು ಗಂಟೆ ಕೊಟ್ಟವರ ಐದನೇ ಘಟಕ ಖಾಲಿ ಇರುತ್ತದೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಹಳೇ ಪ್ರಶ್ನೆಪತ್ರಿಕೆಯ ಒಂದು ಘಟಕ ವಾರಕ್ಕೊಮ್ಮೆ ಬರೆಯಿರಿ. ಭಾನುವಾರ ಅಂಗಡಿ ಬಾಗಿಲು ಹಾಕಿದ ಮೇಲೆ 35 ನಿಮಿಷ ಯಾರಿಗಾದರೂ ಸಿಗುತ್ತದೆ.

ಸಮಸ್ಯೆಗೆ ಉತ್ತರ ಬರೆಯುವಾಗ ಪ್ರಶ್ನೆ ಏನು, ಯಾವ ಸೆಕ್ಷನ್, ಈ ಸಂಗತಿಗೆ ಅದು ಹೇಗೆ ಕೂರುತ್ತದೆ, ತೀರ್ಮಾನ, ಈ ಕ್ರಮ ಬಿಡಬೇಡಿ. ಕಬ್ಬಿನ ಕೇಸಿಗೆ ಮಾಡಿದ್ದು ಅದನ್ನೇ. ಮೂರನೇ ಹೆಜ್ಜೆಗೆ ಎಲ್ಲಕ್ಕಿಂತ ಹೆಚ್ಚು ಸಾಲು ಕೊಡಿ. ಸೆಕ್ಷನ್ ನಂಬರು ಖಚಿತ ಇಲ್ಲದಿದ್ದರೆ ಕಾಯ್ದೆಯ ಹೆಸರು ಬರೆದು ತತ್ವ ಹೇಳಿ ಮುಂದೆ ಹೋಗಿ, ತಪ್ಪು ನಂಬರು ಬರೆಯುವುದಕ್ಕಿಂತ ಅದು ವಾಸಿ.

ಹಾಜರಾತಿ ವಿಚಾರ ಒಂದು ಮಾತು. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ತರಗತಿ ಹಾಜರಾತಿ ಶೇ 70 ಇರಬೇಕು ಎಂದಿದೆ. ಅಂಚೆ ಮೂಲಕ ಎಲ್‌ಎಲ್‌ಬಿ ಮಾಡಿಸುತ್ತೇವೆ ಅಂತ ಯಾರಾದರೂ ಅಂಗಡಿಗೆ ಬಂದು ಹೇಳಿದರೆ ದುಡ್ಡು ಕೊಡಬೇಡಿ, ಅಂಥ ಪದವಿಯಿಂದ ವಕೀಲರಾಗಿ ನೋಂದಣಿ ಆಗಲ್ಲ.

ಪದವಿ ಮುಗಿದ ಮೇಲೆ ಖಾತೆ ಫೈಲನ್ನು ಗುಜರಿಗೆ ಹಾಕಬೇಡಿ. ವಕೀಲಿಕೆಗೆ ಬರೆಯಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಯಲ್ಲಿ 100 ಬಹು ಆಯ್ಕೆ ಪ್ರಶ್ನೆ ಇರುತ್ತವೆ, ತೇರ್ಗಡೆಗೆ ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ ಶೇ 45, ಪರಿಶಿಷ್ಟರಿಗೆ ಶೇ 40 ಬೇಕು. ಆ ಪರೀಕ್ಷೆಗೆ ಬೇರ್ ಆಕ್ಟ್ ಒಯ್ಯಬಹುದು, ಆದರೆ ಅದರಲ್ಲಿ ಕೈಬರಹದ ಟಿಪ್ಪಣಿ ಇರಕೂಡದು. ಐದು ವರ್ಷ ಗೀಚಿ ಗೀಚಿ ಬಳಸಿದ ಪ್ರತಿ ಅಲ್ಲಿ ನಡೆಯಲ್ಲ. ಮುಖ್ಯ ಕಾಯ್ದೆಗಳ ಒಂದೊಂದು ಹೊಸ ಪ್ರತಿ ಬೇರೆಯಾಗಿ ತೆಗೆದಿಡಿ, ಅದರ ಮೇಲೆ ಹೆಸರು ಕೂಡ ಬರೆಯಬೇಡಿ.